ಒಂದಕ್ಕೆ ಹೋಗೋದಾದ್ರೂ ಗಾಳ ಎತ್ತಿಟ್ಟು ಹೋಗು

ಆಮೆ ಬಾಯಿ ಬಿಡಲಿಲ್ಲ.

ಕೆರೆ ಏರಿಯ ಕಲ್ಲಿನ ಮೇಲೆ ಕೂತು, ತೊಡೆಯ ಮೇಲೆ ಒದ್ದೆ ಟವೆಲ್ ಹಾಸಿ, ಅದನ್ನು ಇಟ್ಟುಕೊಂಡಿದ್ದೆ. ಊಟದ ತಟ್ಟೆಗಿಂತ ಚಿಕ್ಕದು. ಆಮೆ ಬೆನ್ನು ಅಂದರೆ ಕಲ್ಲಿನ ಹಾಗೆ ಇರುತ್ತೆ ಅಂದುಕೊಂಡಿದ್ದೆ. ಮುಟ್ಟಿದರೆ ನೀರಲ್ಲಿ ನೆಂದ ಚಪ್ಪಲಿಯ ಚರ್ಮದ ಹಾಗಿತ್ತು. ಮೂತಿ ಹಂದಿಮರಿಯದರ ಹಾಗೆ ಮುಂದಕ್ಕೆ ಚಾಚಿಕೊಂಡು, ತುದಿಯಲ್ಲಿ ಎರಡು ಸಣ್ಣ ತೂತು. ಬಾಯಿಯ ಸಂದಿಯಿಂದ ನನ್ನ ನೈಲಾನ್ ದಾರ ಇಳಿಬಿದ್ದಿತ್ತು. ಗಾಳದ ಮುಳ್ಳು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ. ದಾರವನ್ನು ಮೆಲ್ಲಗೆ ಎಳೆದರೆ ಕತ್ತಿನ ಬುಡದಲ್ಲಿ ಚರ್ಮ ಒಂದು ಚೂರು ಮೇಲೇಳುತ್ತಿತ್ತು. ಅಷ್ಟು ಕೆಳಗೆ ಇಳಿದಿತ್ತು.

ಅದಕ್ಕೆ ಮುಂಚೆ ನಾನು ಟೀ ಕುಡಿಯಲು ಹೋಗಿದ್ದೆ. ಎರಡು ಕೋಲು ನೀರಿಗೆ ಬಿಟ್ಟು, ಕವೆಗಳಿಗೆ ಒರಗಿಸಿ, ಏರಿ ಹತ್ತಿ ರಸ್ತೆ ಬದಿಯ ಗೂಡಂಗಡಿಗೆ. ಹತ್ತೇ ನಿಮಿಷ ಅಂತ ಲೆಕ್ಕ. ಅಲ್ಲಿ ಬಾಣಲೆಯಿಂದ ಆಗಷ್ಟೇ ಮೆಣಸಿನಕಾಯಿ ಬಜ್ಜಿ ಇಳಿಯುತ್ತಿತ್ತು. ಪಕ್ಕದ ಬೆಂಚಿನಲ್ಲಿ ಕೊಬ್ಬರಿ ರೇಟಿನ ಮಾತು ನಡೆದಿತ್ತು. ನಮ್ಮ ಕಡೆ ಕೊಬ್ಬರಿ ರೇಟು ಶುರುವಾದರೆ ಬೇಗ ಮುಗಿಯೋದಿಲ್ಲ. ನಾನೂ ಎರಡು ಮಾತು ಸೇರಿಸಿದೆ. ವಾಪಸ್ ಬರುವಾಗ ಮುಕ್ಕಾಲು ಗಂಟೆ ಆಗಿತ್ತು.

ಎರಡು ಕವೆ ನಿಂತಿದ್ದವು, ಕೋಲು ಒಂದೇ ಇತ್ತು. ಇನ್ನೊಂದು ಇದ್ದ ಜಾಗದಿಂದ ನೀರಿನವರೆಗೆ ಕೆಸರಲ್ಲಿ ಒಂದು ಗೀರು. ಉಳಿದ ಕೋಲಿನ ದಾರ ನಾನು ಎಸೆದ ಕಡೆ ಇರಲಿಲ್ಲ, ಪಕ್ಕದ ಜೊಂಡಿನೊಳಗೆ ಹೋಗಿತ್ತು. ಎಳೆದೆ. ಭಾರ ಇತ್ತು, ಆದರೆ ಮೀನಿನ ಹಾಗೆ ಜಗ್ಗಾಡುತ್ತಿರಲಿಲ್ಲ. ಸುಮ್ನೆ ಬಂತು. ಜೊಂಡಿನ ಬೇರಿನ ಜೊತೆ, ಕೊಳೆ ಎಲೆಯ ಜೊತೆ, ಈ ಆಮೆ.

ಇಕ್ಕಳ ತಂದರೆ ಬಾಯಿ ಇನ್ನೂ ಬಿಗಿ ಮಾಡಿತು. ಆಮೇಲೆ ತಲೆಯನ್ನೇ ಒಳಗೆ ಎಳೆದುಕೊಂಡಿತು. ಹಿಂಗಾಲುಗಳನ್ನೂ ಎಳೆದುಕೊಂಡು, ಹೊಟ್ಟೆಯ ಕಡೆ ಇರುವ ಎರಡು ಚರ್ಮದ ಮುಚ್ಚಳಗಳನ್ನು ಮುಚ್ಚಿಕೊಂಡಿತು. ಬಾಗಿಲು ಹಾಕಿಕೊಂಡ ಹಾಗೆ. ನನ್ನ ದಾರ ಮಾತ್ರ ಬಾಗಿಲ ಸಂದಿಯಿಂದ ಹೊರಗೆ. ಎಳೆದು ಕಿತ್ತರೆ ಒಳಗೆ ಹರಿಯುತ್ತೆ ಅನ್ನೋದು ಗೊತ್ತಿತ್ತು. ತಲೆ ಮತ್ತೆ ಹೊರಗೆ ಬರುವವರೆಗೆ ಕಾದು, ದಾರವನ್ನು ಬಾಯಿಯ ಹತ್ತಿರಕ್ಕೆ, ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರಕ್ಕೆ ಕತ್ತರಿಸಿದೆ. ನೀರಿಗೆ ಬಿಟ್ಟೆ. ಒಂದು ಕ್ಷಣ ಅಲ್ಲೇ ಇತ್ತು, ಆಮೇಲೆ ಕೆಸರಿನ ಬಣ್ಣವೇ ಆಗಿಹೋಯಿತು.

ಬದುಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಆಮೆ ಅದು ಅಂತ ಆಮೇಲೆ ತಿಳಿಯಿತು. ಹುಲಿ, ಆನೆ ಇರುವ ಪಟ್ಟಿ. ಬೇಕಂತ ಹಿಡಿದರೆ ಜೈಲು. ನಾನು ಬೇಕಂತ ಹಿಡಿಯಲಿಲ್ಲ, ಬಜ್ಜಿ ತಿನ್ನುತ್ತಿದ್ದೆ.

ಇದು 2022ರ ಮಾತು. ಆ ವರ್ಷ ಮಳೆ ಸುರಿದ ರೀತಿ ನಿಮಗೂ ನೆನಪಿರಬಹುದು. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀರು ಅಂದರೆ ಕೆರೆ. ವರ್ಷಪೂರ್ತಿ ಹರಿಯುವ ನದಿ ನಮಗಿಲ್ಲ. ಹೆಸರಿಗೇನು, ನದಿಗಳ ತವರೇ ನಮ್ಮದು. ನಂದಿಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ಹುಟ್ಟುತ್ತವೆ. ನಮ್ಮ ದೇವರಾಯನದುರ್ಗದ ಬೆಟ್ಟಸಾಲಿನಿಂದ ಜಯಮಂಗಲಿ ಒಂದು ಕಡೆ ಇಳಿದು ಕೊರಟಗೆರೆ, ಮಧುಗಿರಿ ದಾಟಿ ಪಿನಾಕಿನಿ ಸೇರುತ್ತದೆ. ಶಿಂಷಾ ಇನ್ನೊಂದು ಕಡೆ ಇಳಿದು ಕಾವೇರಿ ಸೇರುತ್ತದೆ. ಹುಟ್ಟೋದು ಇಲ್ಲಿ, ಮೈ ತುಂಬಿಕೊಳ್ಳೋದು ಬೇರೆಯವರ ಊರಲ್ಲಿ. ಇಲ್ಲಿ ನಾವು ನೋಡೋದು ಹೆಚ್ಚಾಗಿ ಮರಳು, ಜಾಲಿ, ಮರಳು ಲಾರಿಯ ಗುರುತು. ಹಾಗಿರುವಾಗ ಆ ಮಳೆಗಾಲದಲ್ಲಿ ಜಯಮಂಗಲಿ ಹರಿದಳು, ಕೆರೆಗಳು ಕೋಡಿ ಬಿದ್ದವು. ಜನ ನೀರು ನೋಡೋಕೆ ಅಂತಲೇ ಗಾಡಿ ಮಾಡಿಕೊಂಡು ಹೊರಟರು. ಗಾಳ ಮರೆತವರೆಲ್ಲ ಗಾಳ ಹುಡುಕಿದರು. ಗಾಳವನ್ನೇ ಕಾಣದವರು ಆನ್‌ಲೈನ್‌ನಲ್ಲಿ ತರಿಸಿಕೊಂಡರು. ನಾನು ಮೊದಲ ಗುಂಪಿನವನು, ಆದರೆ ಎರಡನೇ ಗುಂಪಿನವರ ಹಾಗೆ 1,800 ರೂಪಾಯಿ ಕೊಟ್ಟು ಎರಡು ಕೋಲು ತರಿಸಿದ್ದೆ. ಮಡಚಿದರೆ ಕೊಡೆಯಷ್ಟು, ಬಿಚ್ಚಿದರೆ ಹತ್ತಡಿ.

ನನಗೆ ಗಾಳ ಹಾಕೋದು ಕಲಿಸಿದ್ದು ನನ್ನ ಸೋದರಮಾವ. ಕುಣಿಗಲ್ ಕಡೆಯ ಊರು. ಬಿದಿರಿನ ಕೋಲು, ನವಿಲುಗರಿಯ ದಂಟಿನ ಬೆಂಡು, ಬಚ್ಚಲು ನೀರು ಹರಿಯುವ ಕಡೆ ಬಾಳೆ ಬುಡ ಕೆದಕಿದರೆ ಎರೆಹುಳ. ಖರ್ಚು ಅಂದರೆ ಮುಳ್ಳು ಮತ್ತು ದಾರ. ಸೀಸದ ಗುಂಡನ್ನು ದಾರಕ್ಕೆ ಹಲ್ಲಲ್ಲಿ ಕಚ್ಚಿ ಕೂರಿಸುತ್ತಿದ್ದ. ನನಗೂ ಹಾಗೇ ಕಲಿಸಿದ. ನಾವೆಲ್ಲ ಎಷ್ಟು ಸೀಸ ತಿಂದಿದ್ದೇವೋ! ಇಂಗ್ಲೆಂಡಿನಲ್ಲಿ ಹಂಸಗಳು ನೀರಿನ ತಳದಲ್ಲಿ ಬಿದ್ದ ಇಂಥ ಗುಂಡು ನುಂಗಿ ಸಾಯುತ್ತವೆ ಅಂತ 1987ರಲ್ಲೇ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು ನಿಲ್ಲಿಸಿದರಂತೆ. ನಾವು ಅದೇ ಹೊತ್ತಿಗೆ ಏರಿ ಮೇಲೆ ಕೂತು ಅದನ್ನು ಕಡಿಯುತ್ತಿದ್ದೆವು.

ಮಾವನ ಹತ್ತಿರ ಎತ್ತಿನ ಕೊರಳಿನ ಹಳೇ ಗೆಜ್ಜೆ ಒಂದಿತ್ತು. ಅದನ್ನು ಕೋಲಿನ ತುದಿಗೆ ಕಟ್ಟುತ್ತಿದ್ದ. ಮೀನು ಮುಟ್ಟಿದರೆ ಗಿಲ್ ಅನ್ನೋದು. ಗೆಜ್ಜೆ ಇದೆಯಲ್ಲ, ಇನ್ನೇನು, ಆಡೋಕೆ ಹೋಗಬಹುದು ಅಂತ ನನ್ನ ಲೆಕ್ಕ. ಅವನು ಬಿಡುತ್ತಿರಲಿಲ್ಲ. ನೀರು ಕುಡಿಯೋಕೆ ಹೋಗಬೇಕಾ, ಗಾಳ ಎತ್ತು. ಅತ್ತೆ ಊಟಕ್ಕೆ ಕೂಗಿದರಾ, ಗಾಳ ಎತ್ತು.

"ಲೇ ಅಳಿಯ, ಒಂದಕ್ಕೆ ಹೋಗೋದಾದ್ರೂ ಗಾಳ ಎತ್ತಿಟ್ಟು ಹೋಗು."

"ಇಲ್ಲೇ ಬೇಲಿ ಹಿಂದೆ ಹೋಗಿ ಬತ್ತೀನಿ ಮಾವ."

"ನಿಂಗೆ ಬೇಲಿ ಹಿಂದೆ. ಮೀನಿಗೆ ಏನ್ ಗೊತ್ತು ನೀನು ಎಲ್ಲೋಗಿದೀಯ ಅಂತ?"

ಅರ್ಧ ಗಂಟೆ ಕಾದು, ಇನ್ನೇನು ಬೆಂಡು ಅಲ್ಲಾಡಬೇಕು ಅನ್ನುವಾಗ ಎತ್ತಿಬಿಡೋದು ಅಂದರೆ ಹುಡುಗನಿಗೆ ಎಂಥ ಸಂಕಟ. ಆಗ ಅದು ಮಾವನ ಜಿಪುಣತನ ಅಂದುಕೊಂಡಿದ್ದೆ. ಮುಳ್ಳು ಹೋಗುತ್ತೆ, ದಾರ ಹೋಗುತ್ತೆ ಅಂತ. ಅದೂ ಇತ್ತು ಅನ್ನಿ. ಎರಡು ಮುಳ್ಳಿಗೆ ಆಗ ಎಂಟಾಣೆ.

ಆದರೆ ಗಾಳ ಹಾಕೋದರಲ್ಲಿ ಇರೋದೇ ನೋಡೋ ಕೆಲಸ. ಬೆಂಡು ಟಕಟಕ ಕುಣಿದರೆ ಸಣ್ಣ ಜಿಲೇಬಿ ಮೀನು ಹುಳ ಕೀಳುತ್ತಿದೆ ಅಂತ. ಈ ಜಿಲೇಬಿ ನಮ್ಮ ದೇಶದ ಮೀನೇ ಅಲ್ಲ. ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದದ್ದು, ಈಗ ಯಾವ ಕೆರೆಗೆ ಹೋದರೂ ಮನೆಯವರ ಹಾಗೆ ಮುಂದೆ ಬಂದು ನಿಲ್ಲುತ್ತದೆ. ಬೆಂಡು ಮೆಲ್ಲಗೆ ಪಕ್ಕಕ್ಕೆ ಜಾರಿತೋ, ಗೆಂಡೆ. ಅದು ಹಿಟ್ಟನ್ನು ಬಾಯಿಗೆ ಎಳೆದುಕೊಂಡು, ರುಚಿ ನೋಡಿ, ಉಗಿಯುತ್ತದೆ. ಮತ್ತೆ ಎಳೆದುಕೊಳ್ಳುತ್ತದೆ. ಕಾಟ್ಲಾ ಮೇಲ್ಗಡೆ ಮೇಯುವ ಮೀನು, ರೋಹು ನಡುವಿನದ್ದು, ಮೃಗಾಲ್ ತಳದ್ದು. ಬೆಂಡು ಮುಳುಗಿದ ಆ ಒಂದೆರಡು ಸೆಕೆಂಡಿನಲ್ಲಿ ಕೋಲು ಎತ್ತಿದರೆ ಮುಳ್ಳು ತುಟಿಗೆ ಕೂರುತ್ತದೆ. ತುಟಿಗೆ ಕೂತರೆ ಬಿಡಿಸೋದು ಸುಲಭ. ಸಣ್ಣ ಮೀನಾದರೆ ಕೈ ಒದ್ದೆ ಮಾಡಿಕೊಂಡು ಹಿಡಿದು ವಾಪಸ್ ಬಿಡಬಹುದು. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಮೀನಿನ ಮೈ ಕಾಯೋದು ಆ ಲೋಳೆಯೇ.

ಯಾರೂ ನೋಡುತ್ತಿಲ್ಲ ಅನ್ನಿ. ಆಗ ಮೀನು ಹುಳವನ್ನು ಉಗಿಯೋಕೆ ಹೋಗಿ ಉಗಿಯಲಾರದೆ ನುಂಗುತ್ತದೆ. ಕೊರಮೀನಿನಂಥದ್ದು ನೇರ ನುಂಗಿಯೇ ಬಿಡುತ್ತದೆ. ಮುಳ್ಳು ಗಂಟಲು ದಾಟಿ ಹೊಟ್ಟೆಗೆ. ಮುಳ್ಳಿನ ತುದಿಯಲ್ಲಿ ಹಿಂದಕ್ಕೆ ಚಾಚಿದ ಇನ್ನೊಂದು ಪುಟ್ಟ ಮುಳ್ಳು ಇರುತ್ತಲ್ಲ, ಅದು ವಾಪಸ್ ಬರೋಕೆ ಬಿಡೋದಿಲ್ಲ. ಅಲ್ಲಿಂದ ಮುಂದೆ ಆ ಮೀನು ದೊಡ್ಡದೋ ಚಿಕ್ಕದೋ, ಬೇಕೋ ಬೇಡವೋ, ಆಯ್ಕೆ ನಮ್ಮ ಕೈಯಲ್ಲಿಲ್ಲ. ಮೀನಾದರೂ ಆಗಲಿ, ಒಳ್ಳೆ ಹಾವಾಗಲಿ, ನೀರುಕಾಗೆಯಾಗಲಿ, ಆಮೆಯಾಗಲಿ. ಬಿಟ್ಟು ಹೋದ ಗಾಳ ಯಾರನ್ನೂ ಕೇಳೋದಿಲ್ಲ.

ನನ್ನ ಕಳೆದುಹೋದ ಕೋಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸುಮಾರು ಇಪ್ಪತ್ತು ದಿನ ಆದಮೇಲೆ ಅದೇ ಕೆರೆಗೆ ಹೋದೆ. ಈ ಸಲ ಒಂದೇ ಕೋಲು. ಕೂತು ಸ್ವಲ್ಪ ಹೊತ್ತಿಗೆ ತೆಪ್ಪದಲ್ಲಿ ಒಬ್ಬರು ದಡಕ್ಕೆ ಬಂದರು. ಕೆರೆ ಮೀನು ಗುತ್ತಿಗೆ ಹಿಡಿದವರ ಪೈಕಿ. ಐವತ್ತರ ಆಸುಪಾಸು. ತೆಪ್ಪದ ತಳದಿಂದ ನನ್ನ ಕೋಲು ಎತ್ತಿ ತೋರಿಸಿದರು.

"ಇದು ನಿಮ್ದೇನಾ ಸ್ವಾಮಿ?"

ನಿಜ ಹೇಳ್ತೀನಿ, ಒಂದು ಗಳಿಗೆ ಅಲ್ಲ ಅನ್ನೋಣ ಅನ್ನಿಸಿತು. ಅವರ ಮುಖ ಅಷ್ಟು ಸಮಾಧಾನವಾಗಿತ್ತು. ಹೌದು ಅಂದೆ. ಬಲೆ ಎಳೆಯುವಾಗ ಸಿಕ್ಕಿದ್ದಂತೆ. ದಾರ ಬಲೆಗೆಲ್ಲ ಸುತ್ತಿಕೊಂಡು, ಬಿಡಿಸೋಕೆ ಆಗದೆ ಒಂದು ಮಾರು ಬಲೆ ಕೊಯ್ಯಬೇಕಾಯಿತಂತೆ. ದಾರದ ಕೊನೆಯಲ್ಲಿ ಒಂದು ಗೆಂಡೆ ಇತ್ತಂತೆ. ಇತ್ತು ಅಂದರೆ ತಲೆ, ಬೆನ್ನುಮೂಳೆ, ಅಷ್ಟೇ. "ಎರಡು ಕೆಜಿ ಮೇಲೇ ಇತ್ತು ಅದು, ತಲೆ ನೋಡಿದ್ರೆ ಗೊತ್ತಾಯ್ತದೆ," ಅಂದರು. ನನಗೆ ಬೈಯುತ್ತಿರಲಿಲ್ಲ, ಬರೀ ತೂಕ ಹೇಳುತ್ತಿದ್ದರು.

ಆ ತೂಕ ಯಾಕೆ ಹೇಳಿದರು ಅನ್ನೋದು ಕೆರೆ ಮೀನಿನ ವ್ಯವಹಾರ ಗೊತ್ತಿದ್ದವರಿಗೆ ಅರ್ಥ ಆಗುತ್ತದೆ. ಕಾಟ್ಲಾ, ರೋಹು ಹರಿಯುವ ನದಿಯಲ್ಲಿ ಮಳೆಗಾಲದಲ್ಲಿ ಮೊಟ್ಟೆ ಇಡುವ ಮೀನುಗಳು. ನಿಂತ ಕೆರೆ ನೀರಿನಲ್ಲಿ ಅವು ಮರಿ ಮಾಡೋದಿಲ್ಲ. ಹಾಗಾಗಿ ನಮ್ಮ ಕೆರೆಯಲ್ಲಿ ಒಂದು ದೊಡ್ಡ ಕಾಟ್ಲಾ ಎದ್ದಿತು ಅಂದರೆ, ಅದನ್ನು ಯಾರೋ ದುಡ್ಡು ಕೊಟ್ಟು ಮರಿ ತಂದು ಬಿಟ್ಟಿದ್ದಾರೆ ಅಂತಲೇ ಲೆಕ್ಕ. ಗೆಂಡೆ ಕೆರೆಯಲ್ಲೂ ಮರಿ ಮಾಡುತ್ತದೆ, ಆದರೂ ಅದನ್ನೂ ಬಿಟ್ಟಿರುತ್ತಾರೆ. ಹರಾಜು ಕೂಗಿ, ಗುತ್ತಿಗೆ ಕಟ್ಟಿ, ಮರಿ ಬಿಟ್ಟು, ಕೋಡಿ ಬಿದ್ದಾಗ ಅರ್ಧ ಮೀನು ಕೋಡಿಯಲ್ಲಿ ಹೋಗದ ಹಾಗೆ ಬಲೆ ಕಟ್ಟಿ, ರಾತ್ರಿ ಕಾದು. ನಾವು ಭಾನುವಾರ ಬಂದು "ಕೆರೆ ಎಲ್ಲರದು" ಅನ್ನುತ್ತೇವೆ. ನೀರು ಎಲ್ಲರದು, ಸರಿ. ಮೀನು ಅವರದು. ಕೇಳಿ ಹಾಕಿದರೆ ಎಷ್ಟೋ ಜನ ಬೇಡ ಅನ್ನೋದಿಲ್ಲ. ಇವರೂ ಅನ್ನಲಿಲ್ಲ.

ನನಗೆ ಆಗ ಒಂದು ತರಲೆ ಪ್ರಶ್ನೆ ಬಂತು. ನೀವೂ ಸಾಯಂಕಾಲ ಬಲೆ ಬಿಟ್ಟು ಮನೆಗೆ ಹೋಗ್ತೀರಲ್ಲ ಅಣ್ಣ, ಅದೂ ಇದೇ ಅಲ್ವಾ ಅಂದೆ. ಕೇಳಿದ ಮೇಲೆ ಯಾಕೆ ಕೇಳಿದೆನೋ ಅನ್ನಿಸಿತು. ತಪ್ಪು ಮಾಡಿದವನಿಗೇ ಬಾಯಿ ಜಾಸ್ತಿ.

ಅವರು ಬೀಡಿ ಹಚ್ಚಿಕೊಂಡರು. "ಬಿಟ್ಟು ಹೋಯ್ತೀವಿ, ಇಲ್ಲ ಅನ್ನಲ್ಲ. ಕೋಳಿ ಕೂಗೋ ಹೊತ್ಗೆ ತೆಪ್ಪ ಇಳಿಸ್ತೀವಿ. ಬಲೆ ಎಲ್ಲೈತೆ ಅಂತ ಕತ್ಲಲ್ಲೂ ಗೊತ್ತು ನಮ್ಗೆ. ನಿಮ್ ಗಾಳ ಎಲ್ಲೈತೆ ಅಂತ ನಿಮ್ಗೆ ಗೊತ್ತಿತ್ತಾ?"

ಅವರ ಬಲೆಗೂ ಆಮೆ ಬೀಳುತ್ತವೆ. ಅದನ್ನು ಮುಚ್ಚಿಡೋದು ಬೇಡ. ಬಲೆಯವರು ಒಳ್ಳೆಯವರು, ಗಾಳದವರು ಕೆಟ್ಟವರು ಅಂತ ಬರೆದರೆ ಅದು ಸುಳ್ಳಾಗುತ್ತದೆ. ಆದರೂ ಹೊಟ್ಟೆಪಾಡಿಗೆ ಬಿಟ್ಟ ಬಲೆಯ ಜೊತೆ ಬಜ್ಜಿಗಾಗಿ ಬಿಟ್ಟ ಗಾಳವನ್ನು ತೂಗೋಕೆ ಹೊರಟಿದ್ದೆನಲ್ಲ, ಅದಕ್ಕೆ ನಾಚಿಕೆ. ಬಲೆಗೆ ಏನಾದರೂ ಕೊಡುತ್ತೇನೆ ಅಂದೆ. ಬೇಡ ಅಂದರು. ಬಲವಂತ ಮಾಡಿ ಕೈಗಿಟ್ಟೆ. ಕೋಲು ಬೇಕಾದರೆ ನೀವೇ ಇಟ್ಟುಕೊಳ್ಳಿ ಅಂದದ್ದಕ್ಕೆ ನಕ್ಕರು. ಅವರಿಗೆ ಅದರಿಂದ ಏನು ಉಪಯೋಗ.

ಇಂಗ್ಲೆಂಡಿನ ಮಾತು ಬಂತಲ್ಲ, ಅಲ್ಲಿ ಇದಕ್ಕೆ ಕಾನೂನೇ ಇದೆ. ನನ್ನ ಜೊತೆ ಓದಿದವನೊಬ್ಬ ಅಲ್ಲಿ ಕೆಲಸಕ್ಕಿದ್ದಾನೆ. ಊರಲ್ಲಿ ನನ್ನ ಜೊತೆ ಗಾಳ ಹಾಕಿದವನೇ. ಫೋನಿನಲ್ಲಿ ಆಮೆ ಕಥೆ ಹೇಳಿದರೆ, "ಇಲ್ಲಾಗಿದ್ರೆ ನಿಂಗೆ ದಂಡ ಬೀಳೋದು ಕಣೋ" ಅಂದ. ಹದಿಮೂರು ವರ್ಷ ದಾಟಿದ ಯಾರೇ ಆಗಲಿ, ಕೆರೆ ಹೊಳೆಯಲ್ಲಿ ಗಾಳ ಹಾಕಬೇಕಾದರೆ ಲೈಸೆನ್ಸ್ ಬೇಕು. ಮುಳ್ಳು ನೀರಿನಲ್ಲಿ ಇರುವಾಗ ಕೋಲು ಬಿಟ್ಟು ಹೋಗುವ ಹಾಗಿಲ್ಲ. ಹೋಗೋದು ಅಂದರೆ ಊರಿಗೇ ಹೋಗಬೇಕಿಲ್ಲ. ಬೇಕಾದ ಕೂಡಲೇ ಕೋಲು ಹಿಡಿದು ಹತೋಟಿಗೆ ತಗೊಳ್ಳೋಕೆ ಆಗದಷ್ಟು ದೂರ ಇದ್ದರೂ ತಪ್ಪು ತಪ್ಪೇ. ಒಬ್ಬ ಒಂದಕ್ಕಿಂತ ಹೆಚ್ಚು ಕೋಲು ಹಾಕಿದರೆ, ಈ ಕೊನೆಯ ಕೋಲಿನ ಹಿಡಿಗೂ ಆ ಕೊನೆಯ ಕೋಲಿನ ಹಿಡಿಗೂ ನಡುವೆ 3 ಮೀಟರ್ ಮೀರಬಾರದು. ಮಾರ್ಚ್ 15ರಿಂದ ಜೂನ್ 15ರವರೆಗೆ ಹೊಳೆಗಳಲ್ಲಿ ಸಾಲ್ಮನ್, ಟ್ರೌಟ್‌ನಂಥವು ಬಿಟ್ಟು ಉಳಿದ ಸಿಹಿನೀರಿನ ಮೀನಿಗೆ ಗಾಳ ಹಾಕುವಂತೆಯೇ ಇಲ್ಲ, ಮೊಟ್ಟೆ ಇಡುವ ಕಾಲ.

ಆ 3 ಮೀಟರ್ ಲೆಕ್ಕ ನನಗೆ ತುಂಬಾ ಹಿಡಿಸಿತು. ಒಬ್ಬ ಮನುಷ್ಯ ಎರಡು ಹೆಜ್ಜೆ ಹಾಕಿ ಯಾವ ಕೋಲನ್ನಾದರೂ ಮುಟ್ಟಬಹುದಾದ ದೂರ. ನಮ್ಮ ಕಡೆ ಕೆರೆ ದಡದಲ್ಲಿ ನಾನೇ ನೋಡಿದ್ದೇನೆ, ಸಾಲಾಗಿ ಎಂಟು ಕೋಲು, ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ಬಸ್ ನಿಲ್ಲುವಷ್ಟು ಜಾಗ. ಯಜಮಾನರು ಕಾರಿನಲ್ಲಿ ಎ.ಸಿ. ಹಾಕಿಕೊಂಡು ನಿದ್ದೆ. ಒಂದು ಕೋಲು ಬಾಗಿ ಬಾಗಿ ಏಳುತ್ತಿತ್ತು. ಗಾಜು ತಟ್ಟಿ ಎಬ್ಬಿಸಿದ್ದಕ್ಕೆ "ಇರ್ಲಿ ಬಿಡಿ ಗುರು, ಹೊಟ್ಟೆಗೆ ಹೋದ್ರೆ ತಪ್ಪಿಸ್ಕೊಳಲ್ಲ" ಅಂದರು. ಹಾಗೆ ಅನ್ನುವವರ ಹತ್ತಿರ ವಾದ ಮಾಡೋಕೆ ನನಗೆ ಬರೋದಿಲ್ಲ. ಅವರು ಹೋದ ಮೇಲೆ ದಡದಲ್ಲಿ ಬಾಟಲಿ ಹೆಕ್ಕಿದೆ, ಗುಟ್ಕಾ ಚೀಟಿ ಹೆಕ್ಕಿದೆ, ಕೊನೆಗೆ ಗೋಜಲಾದ ದಾರದ ಉಂಡೆ ಒಂದು ಸಿಕ್ಕಿತು, ಅದರಲ್ಲಿ ಎರಡು ಮುಳ್ಳು ಹಾಗೇ ಇದ್ದವು. ಅದೇ ಜಾಗದಲ್ಲಿ ಬೆಳಿಗ್ಗೆ ಹೆಂಗಸರು ಬಟ್ಟೆ ಒಗೆಯೋಕೆ ಬರಿಗಾಲಲ್ಲಿ ಇಳಿಯುತ್ತಾರೆ.

ದಾರದ ವಿಷಯಕ್ಕೆ ಬಂದಾಗೆಲ್ಲ ನನಗೆ ಕಗ್ಗಲಡು ನೆನಪಾಗುತ್ತದೆ. ಶಿರಾ ತಾಲ್ಲೂಕಿನ ಊರು. ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರದ ಕೆಳಗೆಲ್ಲ ಹಿಕ್ಕೆ, ವಾಸನೆ. ಜನ ಅದನ್ನು ಸಹಿಸಿಕೊಂಡು ಹಕ್ಕಿಗಳನ್ನು ಕಾಯುತ್ತಾರೆ. ಈ ಕೊಕ್ಕರೆ ಮೀನು ಹಿಡಿಯುವ ರೀತಿ ಗಮನಿಸಿದ್ದೀರಾ? ಬೆಳ್ಳಕ್ಕಿಯ ಹಾಗೆ ಗುರಿಯಿಟ್ಟು ಕುಕ್ಕುವುದಿಲ್ಲ. ಮೊಣಕಾಲು ನೀರಲ್ಲಿ ನಿಂತು, ಕೊಕ್ಕನ್ನು ಅರ್ಧ ತೆರೆದು ಕದಡಿದ ನೀರಿಗೆ ಇಳಿಬಿಟ್ಟು, ಅತ್ತ ಇತ್ತ ಆಡಿಸುತ್ತಾ ನಡೆಯುತ್ತದೆ. ಕೊಕ್ಕಿನೊಳಗೆ ಏನಾದರೂ ತಾಗಿದರೆ ಟಪ್ ಅಂತ ಮುಚ್ಚುತ್ತದೆ. ಕಣ್ಣಲ್ಲಿ ನೋಡಿ ಆರಿಸುವ ಪ್ರಶ್ನೆಯೇ ಇಲ್ಲ. ತಾಗಿದ್ದು ಮೀನಾ, ಹುಳ ಸಿಕ್ಕಿಸಿದ ಮುಳ್ಳಾ, ದಾರವಾ, ಅದಕ್ಕೆ ಹೇಗೆ ತಿಳಿಯಬೇಕು. ನೈಲಾನ್ ದಾರ ನಮ್ಮ ಕಾಲದಲ್ಲಂತೂ ಕೊಳೆಯೋದಿಲ್ಲ. ನಾನು ಕಳೆದುಕೊಂಡ ಕೋಲು ಬಲೆಗೆ ಸಿಕ್ಕಿದ್ದು ಅದೃಷ್ಟ. ಮಾವನ ಜೊತೆ ಓಡಾಡುತ್ತಿದ್ದ ಕಾಲದಲ್ಲಿ ಪೊದೆಗೆ ಸಿಕ್ಕಿ ಕಿತ್ತು ಬಿಟ್ಟು ಬಂದ ದಾರಗಳು ಇನ್ನೂ ಯಾವ ಜಾಲಿಯ ಬುಡದಲ್ಲಿವೆಯೋ.

ಇನ್ನೊಂದು ವಿಷಯ ಇದೆ, ಅದನ್ನು ಬರೆಯೋಕೆ ಕೂತರೆ ಈಗಲೂ ಅಂಗೈ ಬೆವರುತ್ತದೆ. ನನ್ನ ಜೊತೆ ಕೆಲಸ ಮಾಡುವ ಹುಡುಗ, ಈಜು ಬಾರದವನು. ನನ್ನಿಂದಲೇ ಗಾಳದ ಹುಚ್ಚು ಹತ್ತಿಸಿಕೊಂಡಿದ್ದ. ಬೇರೆ ಒಂದು ಕೆರೆಯಲ್ಲಿ ಇಬ್ಬರೂ ಕೋಲು ಬಿಟ್ಟು ಮರದ ಕೆಳಗೆ ಪುಳಿಯೋಗರೆ ಬಿಚ್ಚಿದ್ದೆವು. ನೋಡುತ್ತಿರುವಾಗಲೇ ಅವನ ಕೋಲು ಸರ್ರನೆ ನೀರಿಗೆ ಎಳೆದುಕೊಂಡು ಹೋಯಿತು. ರೀಲನ್ನು ಬಿಗಿ ಮಾಡಿಟ್ಟಿದ್ದ. ಸಡಿಲ ಇದ್ದಿದ್ದರೆ ದಾರ ಬಿಚ್ಚಿಕೊಳ್ಳುತ್ತಿತ್ತು, ಕೋಲು ಉಳಿಯುತ್ತಿತ್ತು. ಅವನು ಕೈಯಲ್ಲಿದ್ದ ತುತ್ತು ಬಿಸಾಕಿ ಓಡಿದ. ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು. ಕೋಲಿನ ಹಿಡಿ ಎರಡು ಮಾರು ಮುಂದೆ ತೇಲುತ್ತಾ ಅವನನ್ನು ಕರೆಯುತ್ತಿರುವ ಹಾಗಿತ್ತು. ನಾನು ಕೂಗುತ್ತಲೇ ಇದ್ದೆ. ಇನ್ನೊಂದು ಹೆಜ್ಜೆ ಇಟ್ಟ, ಮನುಷ್ಯ ಕಾಣಲಿಲ್ಲ.

ಕೆರೆ ಒಣಗಿದ್ದಾಗ ಜೆಸಿಬಿಯಲ್ಲಿ ಗೋಡು ಮಣ್ಣು ತೋಡಿದ ಗುಂಡಿ. ನಮ್ಮ ಕಡೆಯ ಕೆರೆಗಳ ಅಂಗಳದಲ್ಲೆಲ್ಲ ಇಂಥವು ಇವೆ. ಹೊಲಕ್ಕೆ ಗೋಡು, ಇಟ್ಟಿಗೆಗೆ ಮಣ್ಣು ಅಂತ ತೋಡುತ್ತಾರೆ. ಮಳೆ ಬಂದು ನೀರು ನಿಂತ ಮೇಲೆ ಮೇಲಿಂದ ಎಲ್ಲ ಒಂದೇ ಸಮ. ದಡದಿಂದ ಸೊಂಟದ ನೀರು, ಒಂದು ಹೆಜ್ಜೆ ಆಚೆ ಎರಡಾಳು. ಪುಣ್ಯಕ್ಕೆ ಎಮ್ಮೆ ಮೈ ತೊಳೆಯುತ್ತಿದ್ದ ಒಬ್ಬರು ಅಲ್ಲೇ ಇದ್ದರು. ಅವರು ಅರಚಲೂ ಇಲ್ಲ, ಗಾಬರಿಯೂ ಆಗಲಿಲ್ಲ. ಎಮ್ಮೆಯ ಹಗ್ಗ ಬಿಚ್ಚಿ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಈಜಿದರು. ಅವನ ಕೂದಲು ಸಿಕ್ಕಿತು. ಎಳೆದು ಹಾಕಿದ ಮೇಲೆ ಅವನು ಕೆಮ್ಮಿ ಕೆಮ್ಮಿ, ಮೊದಲು ಕೇಳಿದ್ದು ಏನು ಗೊತ್ತಾ? "ಕೋಲು?"

ಎಮ್ಮೆಯವರು ಅವನ ಬೆನ್ನಿಗೆ ಒಂದು ಬಿಟ್ಟರು. ಸರಿಯಾಗೇ ಬಿಟ್ಟರು.

ಕೋಲು ಕೈಯಲ್ಲಿದ್ದಿದ್ದರೆ ಅವನು ಓಡುವ ಪ್ರಮೇಯವೇ ಬರುತ್ತಿರಲಿಲ್ಲ. ಕೈಯಿಂದ ಜಾರಿ ಹೋದ ವಸ್ತುವಿನ ಹಿಂದೆ ಮನುಷ್ಯ ಯೋಚನೆ ಮಾಡದೆ ಓಡುತ್ತಾನೆ. ನೀರಿಗೆ ಬಿದ್ದ ಚಪ್ಪಲಿಗೂ ಓಡುತ್ತಾನೆ.

ಇದೇ ಕಾರಣಕ್ಕೆ ಮಾರ್ಕೋನಹಳ್ಳಿ ಜಲಾಶಯದ ಕೆಳಗಡೆ ಗಾಳ ಹಾಕುವವರನ್ನು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಶಿಂಷಾ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. ಅದರ ವಿಶೇಷವೇ ಸೈಫನ್. ನೀರು ಒಂದು ಮಟ್ಟಕ್ಕೆ ಬಂದರೆ ತಾನೇ ತಾನಾಗಿ ಹೊರಗೆ ನುಗ್ಗುತ್ತದೆ. ಗೇಟು ಎತ್ತುವವರು ಬೇಕಿಲ್ಲ. ಈ ಗಳಿಗೆಯಲ್ಲಿ ಬಂಡೆ ಒಣಗಿರುತ್ತದೆ, ಮುಂದಿನ ಗಳಿಗೆಯಲ್ಲಿ ನೀರು. 2025ರ ಅಕ್ಟೋಬರ್‌ನಲ್ಲಿ ಹೀಗೆಯೇ ನೀರು ನುಗ್ಗಿ, ಸುತ್ತಾಡಲು ಬಂದಿದ್ದ ಒಂದು ಕುಟುಂಬದವರು ಕೊಚ್ಚಿಹೋದರು. ಅವರು ಗಾಳದವರಲ್ಲ, ಬರೀ ನೀರಾಡಲು ಇಳಿದವರು. ಅಂಥ ಜಾಗದಲ್ಲಿ ಬಂಡೆ ಸಂದಿಗೆ ಕೋಲು ಸಿಕ್ಕಿಸಿ, ಮೇಲೆ ಹೋಗಿ ಕೂತು, ಕೋಲು ಅಲ್ಲಾಡಿತು ಅಂತ ಇಳಿದು ಓಡುವವರನ್ನು ಮಳೆಗಾಲದಲ್ಲಿ ನಾನು ನೋಡಿದ್ದೇನೆ.

ಆಮೇಲೆ ಪಂಪ್‌ಸೆಟ್ ತಂತಿ. ಏರಿ ಪಕ್ಕದಲ್ಲಿ ತಗ್ಗಾಗಿ ಹಾದುಹೋಗಿರುತ್ತವೆ. ಈಗಿನ ಕಾರ್ಬನ್ ಕೋಲುಗಳಲ್ಲಿ ಕರೆಂಟ್ ಹರಿಯುತ್ತದೆ. ಎಸೆಯುವ ಮುಂಚೆ ಒಂದು ಸಲ ಮೇಲೆ ನೋಡಿ. ಅಷ್ಟೇ, ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ.

ನಾನು ಈಗಲೂ ಗಾಳ ಹಾಕುತ್ತೇನೆ. ಬಿಟ್ಟುಬಿಡಬೇಕು ಅಂತ ಕೆಲವರು ಹೇಳಿದರು, ಮನೆಯಲ್ಲೂ ಹೇಳಿದರು. ಬಿಡಲಿಲ್ಲ. ಒಂದೇ ಕೋಲು. ಮುಳ್ಳಿನ ಹಿಂದಿನ ಪುಟ್ಟ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತೇನೆ. ಇದರಿಂದ ಒಂದಿಷ್ಟು ಮೀನು ತಪ್ಪಿಸಿಕೊಳ್ಳುತ್ತವೆ, ನಿಜ. ಫೋನ್ ಬಂದರೆ ಸೈಲೆಂಟ್. ತೀರಾ ಮುಖ್ಯವಾದ ಫೋನ್ ಆದರೆ ದಾರ ಸುತ್ತಿ, ಮುಳ್ಳನ್ನು ಕೋಲಿನ ಬಳೆಗೆ ಸಿಕ್ಕಿಸಿ, ಆಮೇಲೆ ಹಲೋ. ಹಾಗೆ ಎತ್ತಿದ ತಕ್ಷಣ ಅದೇ ಜಾಗದಲ್ಲಿ ದೊಡ್ಡ ಮೀನೊಂದು ಬಾಲ ಬಡಿದು ಹೋಗುತ್ತದೆ. ಪ್ರತಿ ಸಲವೂ. ಇದಕ್ಕೆ ಯಾವ ವಿವರಣೆಯೂ ಇಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಮಾವನನ್ನು ಕೆರೆಗೆ ಕರೆದುಕೊಂಡು ಹೋದೆ. ಎಪ್ಪತ್ತು ದಾಟಿದೆ, ಮಂಡಿ ನೋವು. ಏರಿ ಇಳಿಯೋಕೆ ಆಗೋದಿಲ್ಲ. ಮೇಲೆ ತೂಬಿನ ಹತ್ತಿರ ಕಲ್ಲಿನ ಮೇಲೆ ಕೂರಿಸಿದೆ. ಕಣ್ಣಿಗೆ ಆಪರೇಷನ್ ಆಗಿದೆ, ಕಪ್ಪು ಕನ್ನಡಕ. ಆ ಕನ್ನಡಕದಲ್ಲಿ ನೀರಿನ ಕಡೆ ಮುಖ ಮಾಡಿ ಕೂತಿದ್ದ. ನೋಡುತ್ತಿದ್ದಾನೋ, ತೂಕಡಿಸುತ್ತಿದ್ದಾನೋ ಕೆಳಗಿನಿಂದ ತಿಳಿಯುತ್ತಿರಲಿಲ್ಲ. ಗೆಜ್ಜೆ ಈಗ ನನ್ನ ಹತ್ತಿರ ಇದೆ, ಒಳಗಿನ ಗುಂಡು ಬಿದ್ದುಹೋಗಿ ಸದ್ದು ಬರೋದಿಲ್ಲ, ಆದರೂ ಕೋಲಿಗೆ ಕಟ್ಟಿದ್ದೆ.

ಒಂದು ಗಂಟೆ ಕಳೆಯಿತು. ಬಿಸಿಲು ಏರಿತು. ಮಾವನಿಗೆ ಬಾಯಾರಿರಬಹುದು ಅಂತ ನೀರಿನ ಬಾಟಲಿ ಹಿಡಿದು ಏರಿ ಹತ್ತಿದೆ. ಬಾಟಲಿಗೆ ಕೈ ಚಾಚಲಿಲ್ಲ.

"ಗಾಳ?"

"ಎತ್ತಿ ಬಂದಿದೀನಿ ಮಾವ."

ಹೂಂ ಅಂದ. ಬಾಟಲಿ ತೆಗೆದುಕೊಂಡ. ಮುಚ್ಚಳ ತಿರುಗಿಸುತ್ತಾ, ನನ್ನ ಭುಜದ ಪಕ್ಕದಿಂದ ಕತ್ತು ಉದ್ದ ಮಾಡಿ ದಡದ ಕಡೆ ಒಂದು ಸಲ ನೋಡಿಯೇ ನೀರು ಕುಡಿದ.